ಟಿವಿಗೆ ಮುರಿದ ನೆಟಿಗೆ

ನನ್ನ ತಂಗಿ ಟಿವಿಯೊಳಗಿನ ಇಬ್ಬರು ಹುಡುಗಿಯರಿಗೆ ನೆಟಿಗೆ ಮುರಿದಳು. ಅದನ್ನು ನೋಡಿ ನಾನು ಅವಳ ಮಗಳ ಗುಟ್ಟನ್ನು ಅವಳ ಮುಂದೆ ಒದರಿಬಿಟ್ಟೆ. ನಡೆದದ್ದು ಇಷ್ಟೇ. ಇಷ್ಟನ್ನು ಬರೆಯೋಕೆ ನನಗೆ ಒಂದೂವರೆ ವರ್ಷ ಹಿಡಿಯಿತು. ತಪ್ಪು ಯಾರದು ಅಂತ ಹುಡುಕುತ್ತಾ ಹೋದರೆ ಎಲ್ಲ ದಾರಿಯೂ ನನ್ನ ಬಾಯಿಗೇ ಬಂದು ನಿಲ್ಲುತ್ತೆ, ಅದಕ್ಕೆ.

ನನ್ನದು ದೊಡ್ಡ ಬಾಯಿ, ಒಪ್ಪಿಕೊಳ್ತೀನಿ. ಗಂಡ ಬಸ್ ಡ್ರೈವರಾಗಿದ್ದರು, ಅವರು ತೀರಿಕೊಂಡ ಮೇಲೆ ಅನುಕಂಪದ ಮೇಲೆ ನನಗೆ ಕಂಡಕ್ಟರ್ ಕೆಲಸ ಸಿಕ್ಕಿತು. ಹಾಸನದಿಂದ ಹೊಳೆನರಸೀಪುರ, ಹಾಸನದಿಂದ ಅರಕಲಗೂಡು, ಹಾಸನದಿಂದ ಚನ್ನರಾಯಪಟ್ಟಣ, ಈ ಮೂರು ದಾರಿಯಲ್ಲೇ ಇಪ್ಪತ್ತು ವರ್ಷದಿಂದ ಗಂಟಲು ಹರಿದುಕೊಂಡಿದ್ದೀನಿ. ಬಾಗಿಲಲ್ಲಿ ನೇತಾಡೋ ಕಾಲೇಜು ಹೈಕಳನ್ನು ಒಳಗೆ ತಳ್ಳಬೇಕು, ಕುಡಿದು ಹತ್ತಿ ಹೆಂಗಸರ ಮೇಲೆ ವಾಲೋನನ್ನು ಮೊಸಳೆಹೊಸಳ್ಳಿಯಲ್ಲೇ ಇಳಿಸಬೇಕು. ಮೆತ್ತಗೆ ಮಾತಾಡಿದರೆ ನಡೆಯೋ ಕೆಲಸವಲ್ಲ. ಜೊತೆಗೆ ನನಗೊಂದು ಜಂಬವೂ ಇತ್ತು. ಹತ್ತಿದವರ ಮುಖ ನೋಡಿದರೆ ಸಾಕು, ಯಾರು ಯಾರ ಜೊತೆ, ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ, ಯಾವಳು ಗಂಡನ ಮನೆಯಲ್ಲಿ ಜಗಳ ಮಾಡಿಕೊಂಡು ತವರಿಗೆ ಹೊರಟಿದ್ದಾಳೆ ಅಂತ ಹೇಳ್ತೀನಿ ಅಂತ. ಊರವರ ಮುಖವನ್ನೆಲ್ಲ ಓದೋಳು ಒಡಹುಟ್ಟಿದವಳ ಮುಖ ಓದೋಕಾಗದೆ ಹೋದೆ.

ನನಗೆ ಮಕ್ಕಳಿಲ್ಲ. ತಂಗಿಯನ್ನು ಹೊಳೆನರಸೀಪುರಕ್ಕೆ ಕೊಟ್ಟಿದ್ದೆವು. ಅವಳ ಗಂಡನಿಗೆ ಪೇಟೆಯಲ್ಲಿ ಗೊಬ್ಬರದಂಗಡಿ, ನಾಲೆ ಕೆಳಗೆ ಒಂದಿಷ್ಟು ಗದ್ದೆ. ಅವರ ಒಬ್ಬಳೇ ಮಗಳು ಪಿಯುಸಿ ಓದೋಕೆ ಅಂತ ಹಾಸನಕ್ಕೆ ನನ್ನ ಮನೆಗೆ ಬಂದಳು. ಓದು ಮುಗಿದು, ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡೋ ಕೆಲಸಕ್ಕೆ ಸೇರಿದ ಮೇಲೂ ನನ್ನ ಜೊತೆಗೇ ಉಳಿದಳು. ಒಟ್ಟು ಹತ್ತು ವರ್ಷ. ಬೆಳಗ್ಗೆ ಡ್ಯೂಟಿಗೆ ಹೊರಡೋ ಮುಂಚೆ ನನ್ನ ತಲೆ ಬಾಚಿ ಗಂಟು ಹಾಕೋಳು ಅವಳೇ. ದೊಡ್ಡಮ್ಮ ಅಂತ ಕರೆಯೋಳು, ಆದರೆ ಜ್ವರ ಬಂದು ಮಲಗಿದಾಗ ಅವಳ ಬಾಯಲ್ಲಿ ಬರ್ತಿದ್ದದ್ದು ಬರೀ ಅಮ್ಮ. ಆ ಅಮ್ಮ ನಾನೋ ನನ್ನ ತಂಗಿಯೋ ಅಂತ ನಾನು ಕೇಳೋಕೆ ಹೋಗಲಿಲ್ಲ.

ಆ ಹುಡುಗಿಯರಿದ್ದ ಶೋ ನಮ್ಮ ಮನೆಗೆ ಬಂದದ್ದು ಅವಳ ಫೋನಿನಿಂದ, ಆಮೇಲೆ ಟಿವಿಗೆ. ಸಮುದ್ರದ ಪಕ್ಕ ಒಂದು ಬಂಗಲೆ, ಅದರೊಳಗೆ ಹದಿನಾಲ್ಕು ಜನ ಹುಡುಗ ಹುಡುಗಿಯರು, ಅಡುಗೆಮನೆಯಿಂದ ಹಿತ್ತಲವರೆಗೂ ಕ್ಯಾಮೆರಾ. ಅವರೇ ಒಬ್ಬರನ್ನೊಬ್ಬರು ಆರಿಸಿಕೊಂಡು ಜೋಡಿ ಆಗಬೇಕು, ನೋಡೋ ಜನ ಫೋನಿನಲ್ಲಿ ವೋಟು ಹಾಕಿ ಉಳಿಸಬೇಕು. ಹಿಂದಿಯಲ್ಲಿ ತೆಗೆದದ್ದಕ್ಕೆ ಕನ್ನಡದ ಮಾತು ಕೂಡಿಸಿದ್ದರು, ತುಟಿ ಒಂದು ಕಡೆ ಮಾತು ಒಂದು ಕಡೆ. ಮೊದಮೊದಲು ನಾನು ಬಯ್ಯುತ್ತಲೇ ನೋಡ್ತಿದ್ದೆ. ಮಾನ ಮರ್ಯಾದೆ ಇಲ್ಲದವು, ಮನೇಲಿ ಹೇಳೋರು ಕೇಳೋರು ಇಲ್ಲವಾ ಇವಕ್ಕೆ ಅಂತ. ಬಯ್ಯುತ್ತಾ ಬಯ್ಯುತ್ತಾ ಒಂದು ದಿನವೂ ತಪ್ಪಿಸಲಿಲ್ಲ. ಆ ಸಲದ ಸೀಸನ್ನಿನಲ್ಲಿ ಒಬ್ಬಳು ಬಾಕ್ಸಿಂಗ್ ಕಲಿತ ಹುಡುಗಿ, ಇನ್ನೊಬ್ಬಳು ಗುಂಗುರು ಕೂದಲಿನ ಡ್ಯಾನ್ಸ್ ಟೀಚರು. ಇಬ್ಬರೂ ಇದ್ದಬದ್ದ ಹುಡುಗರನ್ನೆಲ್ಲ ಬಿಟ್ಟು ಒಬ್ಬರನ್ನೊಬ್ಬರು ಆರಿಸಿಕೊಂಡರು.

ಅವತ್ತು ನಾನೂ ತಂಗಿ ಮಗಳೂ ನೆನೆಸಿಟ್ಟ ಅವರೆಕಾಳನ್ನು ಹಿಸುಕುತ್ತಾ ಟಿವಿ ಮುಂದೆ ಕೂತಿದ್ದೆವು. ಅವಳು ನನ್ನ ಮುಖವನ್ನೇ ನೋಡ್ತಿದ್ದಳು, ನಾನು ಏನಂತೀನೋ ಅಂತ. ಇದರಲ್ಲೇನು ಬಂತು ತಪ್ಪು, ಗಂಡಸರ ಜೊತೆ ಬಾಳಿ ನಾವೇನು ಕಡಿದು ಕಟ್ಟೆ ಹಾಕಿದ್ದೀವಿ ಅಂದೆ. ತಮಾಷೆಗೆ ಅಂದದ್ದು. ಅವಳು ನಗಲಿಲ್ಲ. ಬಟ್ಟಲ ಕಡೆ ನೋಡಿಕೊಂಡೇ, ಯಾವಾಗಲೂ ಜೊತೆಗಿರ್ತಿದ್ದ ಗೆಳತಿಯ ಮಾತು ತೆಗೆದಳು: "ದೊಡ್ಡಮ್ಮ, ಅರಕಲಗೂಡಿನೋಳು ನಂಗೆ ಬರೀ ಫ್ರೆಂಡ್ ಅಲ್ಲ."

ನನಗೆ ಭಯವಾಯಿತು. ಸುಳ್ಳು ಯಾಕೆ ಹೇಳಲಿ, ಮೊದಲು ಆದದ್ದು ಭಯವೇ. ಆಮೇಲೆ ಭಯವಾಯಿತಲ್ಲ ಅಂತ ನಾಚಿಕೆ. ಟಿವಿಯಲ್ಲಿರೋರಿಗೆ ತಪ್ಪೇನು ಅಂದವಳು ಮನೆ ಮಗಳಿಗೆ ಬೇರೆ ಮಾತು ಆಡೋದು ಹೇಗೆ. ಭಾನುವಾರ ಊಟಕ್ಕೆ ಕರಿ ಅವಳನ್ನ, ಹಿತಕಬೇಳೆ ಸಾರು ಮಾಡ್ತೀನಿ ಅಂದೆ. ಅವಳು ಅಳುತ್ತಾ ಅವರೆ ಹಿಸುಕಿದಳು, ನಾನೂ ಹಿಸುಕಿದೆ. ಆ ಶೋ ಒಳ್ಳೇದು ಮಾಡಿತೋ ಕೆಟ್ಟದ್ದು ಮಾಡಿತೋ ಅಂತ ಯಾರಾದರೂ ಕೇಳಿದರೆ ಈ ದಿನವನ್ನು ನಾನು ಮುಚ್ಚಿಡಲಾರೆ. ಆ ಇಬ್ಬರು ಟಿವಿಯಲ್ಲಿ ಬರದೇ ಇದ್ದಿದ್ದರೆ ನನ್ನ ಬಾಯಿಂದ ಆ ತಮಾಷೆ ಬರ್ತಿರಲಿಲ್ಲ, ಅವಳಿಗೆ ನನ್ನ ಹತ್ತಿರ ಹೇಳೋ ಧೈರ್ಯವೂ ಬರ್ತಿರಲಿಲ್ಲ.

ಅರಕಲಗೂಡಿನ ಹುಡುಗಿಯನ್ನು ನಾನು ಅದಕ್ಕೂ ಮುಂಚೆ ಎಷ್ಟೋ ಸಲ ನೋಡಿದ್ದೆ. ಅವಳ ಅಪ್ಪನದೊಂದು ಡ್ರೈವಿಂಗ್ ಸ್ಕೂಲು, ಹೆಂಗಸರಿಗೆ ಸ್ಕೂಟರು, ಕಾರು ಕಲಿಸೋದು ಇವಳು. ಕಡಿಮೆ ಮಾತು, ತುಂಬ ತಾಳ್ಮೆ. ನಾನು ಒಂದು ಮಾತಾಡೋ ಹೊತ್ತಿಗೆ ಹತ್ತು ಸಲ ಯೋಚನೆ ಮಾಡೋ ಜಾತಿ. ಊಟಕ್ಕೆ ಬಂದ ದಿನ ತಟ್ಟೆ ತೊಳೆಯೋಕೆ ಹೋದಳು, ನಾನು ಬಿಡಲಿಲ್ಲ. ಅವಳೂ ನಮ್ಮ ಮಗಳೂ ಕೈ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನವರೆಗೆ ನಡೆದುಹೋಗೋರು. ನಮ್ಮ ಕಡೆ ಹೆಣ್ಣುಮಕ್ಕಳು ಕೈ ಹಿಡಿದು ನಡೆದರೆ ಯಾರೂ ತಿರುಗಿ ನೋಡಲ್ಲ. ಗೆಳತಿಯರು ಅಂತ ಒಂದು ಮಾತಿದೆಯಲ್ಲ, ಆ ಮಾತಿನ ನೆರಳಲ್ಲಿ ಇವರು ಮೂರು ವರ್ಷ ತಣ್ಣಗೆ ಓಡಾಡಿದ್ದರು. ಶೋ ಜೋರಾದ ಮೇಲೆ ಆ ನೆರಳು ಹೋಯಿತು. ಬಸ್‌ಸ್ಟ್ಯಾಂಡಿನ ಕಟ್ಟೆ ಮೇಲೆ ಕೂತ ಹುಡುಗರು ಇವರನ್ನು ನೋಡಿ ಆ ಶೋದ ಹೆಸರು ಕೂಗಿ ಸಿಳ್ಳೆ ಹೊಡೆದರು. ನಾನು ಬಸ್ಸಿನಿಂದ ಇಳಿದು, ಬೈಗುಳದಲ್ಲಿ ಅವರ ಏಳು ತಲೆಮಾರನ್ನೂ ಮುಟ್ಟಿ ಬಂದೆ. ಆದರೆ ಆವತ್ತಿನಿಂದ ಮಕ್ಕಳು ಕೈ ಹಿಡಿದು ನಡೆಯೋದು ಬಿಟ್ಟರು. ಯಾರಿಗೂ ಗೊತ್ತಿಲ್ಲದ್ದನ್ನು ಎಲ್ಲರಿಗೂ ಗೊತ್ತು ಮಾಡಿದರೆ ಒಪ್ಪಿಗೆ ಬರುತ್ತೆ ಅಂತ ಯಾರು ಹೇಳಿದರೋ ಕಾಣೆ.

ತಂಗಿಗೆ ಹೇಗೆ ಹೇಳೋದು ಅನ್ನೋದನ್ನು ಮಗಳು ತುಂಬ ಯೋಚನೆ ಮಾಡಿ ಇಟ್ಟುಕೊಂಡಿದ್ದಳು. ಮೊದಲು ಅಮ್ಮನಿಗೆ ಹುಡುಗಿ ಪರಿಚಯವಾಗಬೇಕು, ಮನುಷ್ಯಳಾಗಿ ಇಷ್ಟವಾಗಬೇಕು, ಆಮೇಲೆ ಮಾತು. ನನ್ನ ತಂಗಿಗೆ ಬಹಳ ದಿನದಿಂದ ಸ್ಕೂಟರ್ ಕಲಿಯೋ ಆಸೆ. ಗಂಡ ಕಲಿಸ್ತೀನಿ ಅಂತ ಕೂರಿಸಿಕೊಂಡು ಹೋಗಿ ಬಯ್ದು ವಾಪಸು ಕರಕೊಂಡು ಬಂದಿದ್ದ. ಸರಿ, ಅರಕಲಗೂಡಿನ ಹುಡುಗಿ ಭಾನುವಾರ ಭಾನುವಾರ ಹೊಳೆನರಸೀಪುರಕ್ಕೆ ಬಂದು ಶಾಲೆ ಮೈದಾನದಲ್ಲಿ ಅವಳಿಗೆ ಸ್ಕೂಟರ್ ಕಲಿಸೋಕೆ ಶುರು ಮಾಡಿದಳು. ಐವತ್ತರ ಹತ್ತಿರದ ಹೆಂಗಸು, ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಾಲು ನೆಲಕ್ಕೆ ಎಳೆಯುತ್ತಾ ಸುತ್ತು ಹೊಡೆಯೋದು. ಹುಡುಗಿ ಹಿಂದೆ ಓಡೋದು. ತಂಗಿ ಎರಡು ಸಲ ಬಿದ್ದಳು, ಒಂದು ಸಲವೂ ಹುಡುಗಿ ದನಿ ಎತ್ತಲಿಲ್ಲ. ತಂಗಿಗೆ ಅವಳು ಅಂದರೆ ಪ್ರಾಣವಾಯಿತು. ಅವಳಿಗೆ ಅಂತಲೇ ರವೆ ಉಂಡೆ ಕಟ್ಟಿಡೋಳು. ನನ್ನ ಮುಂದೆಯೇ ಒಂದು ದಿನ ಅಂದಳು, ಇವಳೇನಾದರೂ ಗಂಡಾಗಿ ಹುಟ್ಟಿದ್ದಿದ್ದರೆ ಅಳಿಯನನ್ನೇ ಮಾಡಿಕೊಂಡುಬಿಡ್ತಿದ್ದೆ ಅಂತ. ಎಲ್ಲ ತಾಯಂದಿರೂ ಆಡೋ ಮಾತು ಅದು. ನಾನು ಅದನ್ನು ಗಂಟು ಕಟ್ಟಿಟ್ಟುಕೊಂಡೆ.

ಮಗಳು ನನ್ನಿಂದ ಮಾತು ತೆಗೆದುಕೊಂಡಿದ್ದಳು. ಅಮ್ಮನಿಗೆ ಲೈಸೆನ್ಸ್ ಕೈಗೆ ಬಂದ ದಿನ ನಾನೇ ಹೇಳ್ತೀನಿ, ಅಲ್ಲೀವರೆಗೂ ನೀನು ಬಾಯಿ ಬಿಡಬೇಡ ದೊಡ್ಡಮ್ಮ, ನಿನ್ನ ಬಾಯಿ ನನಗೆ ಗೊತ್ತು ಅಂದಿದ್ದಳು. ಹೋಗೇ, ಇಪ್ಪತ್ತು ವರ್ಷದಲ್ಲಿ ಎಷ್ಟು ಜನರ ಗುಟ್ಟು ಕೇಳಿ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೀನಿ ಅಂತ ನಾನೇ ರೇಗಿದೆ. ತಂಗಿಗೆ ಕಲಿಯೋರ ಲೈಸೆನ್ಸ್ ಆಗಿತ್ತು. ಹಾಸನದಲ್ಲಿ ಟೆಸ್ಟಿಗೆ ಇನ್ನು ಎರಡು ವಾರ ಇತ್ತು.

ಈ ನಡುವೆ ಶೋ ಹುಚ್ಚು ತಂಗಿಗೂ ಹತ್ತಿತ್ತು, ನನಗಿಂತ ಜಾಸ್ತಿ. ಅವಳ ಕಣ್ಣೂ ಆ ಇಬ್ಬರ ಮೇಲೆಯೇ. ದಿನಾ ನನಗೆ ವಾಯ್ಸ್ ಮೆಸೇಜು: ಅಕ್ಕ, ಆ ಗುಂಗುರು ಕೂದಲಿನೋಳು ಅತ್ತುಬುಟ್ಳು, ನಂಗೆ ಅನ್ನ ಸೇರ್ಲಿಲ್ಲ ಕಣಕ್ಕ. ಅವಳ ಸ್ತ್ರೀಶಕ್ತಿ ಸಂಘದ ಹೆಂಗಸರನ್ನೆಲ್ಲ ಕೂರಿಸಿ, ಅವರ ಫೋನು ಇಸಕೊಂಡು, ತಾನೇ ಆ ಜೋಡಿಗೆ ವೋಟು ಒತ್ತಿಸಿದಳು. ಪುರಸಭೆ ಎಲೆಕ್ಷನ್ನಿಗೂ ಅವಳು ಅಷ್ಟು ಓಡಾಡಿದವಳಲ್ಲ. ನಾನು ಬಸ್ಸಿನಲ್ಲಿ ನಿಂತುಕೊಂಡು ಆ ಮೆಸೇಜು ಕೇಳಿ ಒಳಗೊಳಗೇ ಹಿಗ್ಗಿದೆ. ಆಯಿತು, ಬೆಟ್ಟ ಹತ್ತಿದ ಹಾಗೆಯೇ ಅಂತ.

ಕೊನೆಯ ಎಪಿಸೋಡನ್ನು ಭಾನುವಾರ ಮಧ್ಯಾಹ್ನ ಇನ್ನೊಮ್ಮೆ ಹಾಕಿದ್ದರು. ನನಗೆ ರಜ ಇದ್ದದ್ದರಿಂದ ಹೊಳೆನರಸೀಪುರಕ್ಕೆ ಊಟಕ್ಕೆ ಹೋಗಿದ್ದೆ. ತಂಗಿ ಗಂಡ ಗದ್ದೆ ಕಡೆ ಹೋಗಿದ್ದ. ಮಗಳೂ ಹುಡುಗಿಯೂ ನಾಲ್ಕು ಗಂಟೆಗೆ ಸ್ಕೂಟರ್ ಪ್ರಾಕ್ಟೀಸಿಗೆ ಬರೋರಿದ್ದರು. ಟಿವಿಯಲ್ಲಿ ಆ ಇಬ್ಬರು ಗೆದ್ದರು. ಬಾಕ್ಸಿಂಗ್ ಹುಡುಗಿ ಮಂಡಿಯೂರಿ ಇನ್ನೊಬ್ಬಳ ಬೆರಳಿಗೆ ಉಂಗುರ ಹಾಕಿದಳು. ನನ್ನ ತಂಗಿ ಎದ್ದುಹೋಗಿ ಟಿವಿ ಮುಂದೆ ನಿಂತು, ಗಾಜಿನ ಮೇಲೆ ಆ ಹುಡುಗಿಯರ ಮುಖ ಸವರಿ, ಎರಡೂ ಕೈ ಮಡಿಸಿ ತನ್ನ ಕಪಾಳದ ಪಕ್ಕಕ್ಕೆ ಒತ್ತಿ ಲಟಲಟ ಅಂತ ನೆಟಿಗೆ ಮುರಿದಳು. ನನ್ನ ಕಣ್ಣೇ ಬೀಳೋ ಹಾಗಿದೆ, ನೂರ್ಕಾಲ ಚೆನ್ನಾಗಿ ಬಾಳ್ಲಿ ಅಂದಳು.

ನಮ್ಮಲ್ಲಿ ನೆಟಿಗೆ ಮುರಿಯೋದು ಯಾರು ಯಾರಿಗೋ ಅಲ್ಲ. ತೊಟ್ಟಿಲ ಕೂಸಿಗೆ, ಮೈನೆರೆದ ಮಗಳಿಗೆ, ಹಸೆಮಣೆ ಮೇಲೆ ಕೂತ ನಮ್ಮವರಿಗೆ. ಮೈಯಲ್ಲಿ ಹುಟ್ಟಿದ ಪ್ರೀತಿ ಬೆರಳಲ್ಲಿ ಮುರಿಯುತ್ತೆ ಅಂತ ನನ್ನ ಅವ್ವ ಹೇಳೋಳು. ಇವಳ ಬೆರಳು ಅಷ್ಟೂ ಮುರಿದದ್ದು ನನ್ನ ಕಿವಿಗೆ ಬಿತ್ತು. ಇದಕ್ಕಿಂತ ಒಪ್ಪಿಗೆ ಇನ್ನೇನು ಬೇಕು ಅನ್ನಿಸಿತು. ಮಗಳು ಎರಡು ವಾರ ಯಾಕೆ ಒದ್ದಾಡಬೇಕು, ನಾನೇ ಗಂಟು ಬಿಚ್ಚಿಬಿಡ್ತೀನಿ, ನಾಲ್ಕು ಗಂಟೆಗೆ ಇಬ್ಬರೂ ಬರೋ ಹೊತ್ತಿಗೆ ಮನೆಯಲ್ಲಿ ಪಾಯಸ ಇರಲಿ. ಇಷ್ಟು ದೂರ ಹೋಗಿತ್ತು ನನ್ನ ತಲೆ. ಹೇಳಿದೆ. ನಿನ್ನ ಮಗಳೂ ಹಿಂಗೇ ಕಣೆ, ಅವಳ ಜೋಡಿ ನಿಂಗೆ ಸ್ಕೂಟರ್ ಕಲಿಸ್ತಾವ್ಳಲ್ಲ ಅವಳೇ, ನೀನೇ ಅಳಿಯ ಮಾಡ್ಕೋತೀನಿ ಅಂದಿದ್ದೆ ಅಂತ ನಗುನಗುತ್ತಾ ಹೇಳಿದೆ.

ತಂಗಿ ಟಿವಿ ಆರಿಸಿದಳು. ಕೂತುಕೊಂಡಳು. ಅವಳು ಕಿರುಚಿದ್ದರೆ ನಾನೂ ಕಿರುಚ್ತಿದ್ದೆ, ಅದು ನನಗೆ ಬರೋ ವಿದ್ಯೆ. ಅವಳು ಕಿರುಚಲಿಲ್ಲ.

"ಅವ್ರು ಯಾರೋ ಕಣಕ್ಕ," ಅಂದಳು. "ಇವ್ಳು ನನ್ ಮಗ್ಳು."

ನಾನು ಏನೇನೋ ಹೇಳಿದೆ. ವೋಟು ಹಾಕಿಸಿದೋಳು ನೀನೇ ಅಲ್ಲವಾ ಅಂದೆ. ಹೇಳೋದು ಆಚಾರ ತಿನ್ನೋದು ಬದನೆಕಾಯಿ ಅಂತಲೂ ಅಂದುಬಿಟ್ಟೆ, ಅಂಥ ಹೊತ್ತಲ್ಲಿ ಆಡೋ ಮಾತಲ್ಲ ಅದು. ಅವಳ ಮನಸ್ಸು ಬೇರೆಲ್ಲೋ ಇತ್ತು. ಅಂದರೆ ಆ ಹುಡುಗಿ ಸ್ಕೂಟರ್ ಕಲಿಸೋಕೆ ಬಂದದ್ದು ಇದಕ್ಕಾ ಅಂತ ಕೇಳಿದಳು. ಅವಳಿಗೆ ಉರಿದದ್ದು ಅದು. ನಾನು ಬಿದ್ದಾಗ ಎತ್ತಿದ್ದು, ನನ್ನ ಮಂಡಿಗೆ ಅರಿಶಿನ ಹಚ್ಚಿದ್ದು, ಎಲ್ಲ ಆಟವಾ ಅಂದಳು. ಶೋದಲ್ಲಿ ನೋಡಿದ್ದಳಲ್ಲ, ಒಬ್ಬರನ್ನು ಒಲಿಸಿಕೊಳ್ಳೋಕೆ ಏನೇನು ಉಪಾಯ ಮಾಡ್ತಾರೆ, ಕ್ಯಾಮೆರಾ ಮುಂದೆ ಕೂತು ಅದನ್ನು ಹೇಗೆ ಒಪ್ಪಿಕೊಳ್ತಾರೆ ಅಂತ. ಇಲ್ಲಿ ಕ್ಯಾಮೆರಾ ಇಲ್ಲ, ಉಪಾಯ ಮಾತ್ರ ಇದೆ ಅಂತ ಅವಳು ತೀರ್ಮಾನ ಮಾಡಿಕೊಂಡುಬಿಟ್ಟಳು.

ಸ್ಕೂಟರ್ ಬಂದು ನಿಂತ ಸದ್ದಾಯಿತು. ತಂಗಿ ಬಾಗಿಲಿಗೆ ಹೋದಳು. ನಾನು ಹಿಂದೆಯೇ ಹೋದೆ. ಹುಡುಗಿ ಹೆಲ್ಮೆಟ್ ತೆಗೆದು ನಕ್ಕಳು. "ಇವತ್ತು ಬ್ಯಾಡ ಕಣಮ್ಮ. ಇನ್ಮೇಲೂ ಬ್ಯಾಡ. ಓಗು," ಅಂದಳು ನನ್ನ ತಂಗಿ. ಬಯ್ಯಲಿಲ್ಲ, ಅಮ್ಮ ಅಂತಲೇ ಕರೆದಳು, ಅದಕ್ಕೇ ಕೇಳೋಕಾಗಲಿಲ್ಲ. ಹಿಂದೆ ಕೂತಿದ್ದ ಮಗಳು ಅಮ್ಮನನ್ನು ನೋಡಲಿಲ್ಲ. ಅಮ್ಮನ ಭುಜದ ಮೇಲಿಂದ ನನ್ನನ್ನು ನೋಡಿದಳು. ಅವಳಿಗೆ ಯಾರೂ ಏನೂ ಬಿಡಿಸಿ ಹೇಳಬೇಕಾಗಲಿಲ್ಲ.

ಆಮೇಲಿನದ್ದನ್ನು ಉದ್ದ ಮಾಡಲ್ಲ. ತಂಗಿ ತನ್ನ ಗಂಡನಿಗೆ ಹೇಳಲಿಲ್ಲ, ಅಷ್ಟು ಮಟ್ಟಿಗೆ ದೊಡ್ಡ ಮನಸ್ಸು ಮಾಡಿದಳು. ಲೈಸೆನ್ಸ್ ಟೆಸ್ಟಿಗೆ ಹೋಗಲಿಲ್ಲ. ಕಟ್ಟಾಯ ಕಡೆಯಿಂದ ಒಂದು ಸಂಬಂಧ ಹುಡುಕಿ ತಂದಳು, ಮಗಳು ಬರಲ್ಲ ಅಂದಳು, ಇಬ್ಬರ ನಡುವೆ ಮಾತು ನಿಂತಿತು. ಸೀಸನ್ ಮುಗಿದು ಮೂರು ತಿಂಗಳಾಗಿರಬೇಕು, ಟಿವಿಯಲ್ಲಿ ಗೆದ್ದ ಆ ಇಬ್ಬರೂ ಬೇರೆಯಾದೆವು ಅಂತ ಒಂದು ಸಂದರ್ಶನ ಕೊಟ್ಟರು. ಒಬ್ಬಳು, ಅದರಲ್ಲಿ ಸ್ವಲ್ಪ ಆಟವೂ ಇತ್ತು ಅಂದಳು. ತಂಗಿ ಅದನ್ನು ನನಗೆ ಕಳಿಸಿ, ನೋಡು, ಅವ್ರದ್ದೂ ಮುಗೀತು, ಇವ್ಳ್ದೂ ಮುಗಿಯತ್ತೆ ಬಿಡು ಅಂತ ಒಂದು ವಾಯ್ಸ್ ಮೆಸೇಜು ಹಾಕಿದಳು. ಅವಳ ದನಿಯಲ್ಲಿ ಎಷ್ಟು ನಿರಾಳ ಇತ್ತು ಅಂದರೆ ನನಗೆ ಸಿಟ್ಟೂ ಬರಲಿಲ್ಲ. ಟಿವಿಯಲ್ಲಿ ಜೋಡಿ ಆಗೋದನ್ನು ನೋಡಿ ಕಲಿತವಳು, ಬಿಡೋದನ್ನೂ ಅಲ್ಲೇ ಕಲಿತಳು. ಗಂಡು ಹೆಣ್ಣಿನ ಜೋಡಿ ಬೇರೆಯಾದರೆ ಆ ಇಬ್ಬರು ಬೇರೆಯಾದರು ಅಂತಾರೆ. ಇವರು ಬೇರೆಯಾದರೆ, ಇಂಥದ್ದೆಲ್ಲ ಇಷ್ಟೇ ಅಂತಾರೆ. ಆ ಹುಡುಗಿಯರಾದರೂ ಏನು ಮಾಡ್ಯಾರು, ನನ್ನ ಮನೆ ಮಗಳ ಬಾಳು ತಮ್ಮ ತಲೆ ಮೇಲಿದೆ ಅಂತ ಅವರಿಗೇನು ಗೊತ್ತಿತ್ತು.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರೆ. ಮಗಳು ನನ್ನ ಜೊತೆ ಜಗಳ ಆಡಲಿಲ್ಲ. ಚನ್ನರಾಯಪಟ್ಟಣದ ಒಂದು ಲ್ಯಾಬಿನಲ್ಲಿ ಕೆಲಸ ನೋಡಿಕೊಂಡು, ಅಲ್ಲೇ ಮನೆ ಮಾಡಿದಳು. ಹುಡುಗಿಯೂ ಈಗ ಅಲ್ಲೇ ಇದ್ದಾಳೆ, ಒಂದು ಡ್ರೈವಿಂಗ್ ಸ್ಕೂಲಿನಲ್ಲಿ. ಮಗಳು ಹೊರಡೋ ದಿನ ಬೆಳಗ್ಗೆ ನನ್ನ ತಲೆ ಬಾಚಿ ಗಂಟು ಹಾಕಿಯೇ ಹೋದಳು. ಹೊಡೆದಿದ್ದರೆ ಚೆನ್ನಾಗಿತ್ತು.

ಮೊನ್ನೆ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ನನ್ನ ಚನ್ನರಾಯಪಟ್ಟಣದ ಬಸ್ಸಿಗೆ ಹಾಸನದಲ್ಲಿ ಅವಳು ಹತ್ತಿದಳು. ಜನ ತುಂಬಿದ್ದರು, ನಾನು ಅವಳನ್ನು ನೋಡಿರಲಿಲ್ಲ. ಹೆಂಗಸರಿಗೆ ಉಚಿತ ಟಿಕೆಟ್ ಕೊಡಬೇಕಾದರೆ ಕಾರ್ಡು ನೋಡಬೇಕು. ಎಲ್ಲಿಗಮ್ಮ, ಕಾರ್ಡು ತೋರ್ಸಿ ಅಂತ ಕೇಳುತ್ತಾ ಬಂದೆ. ಒಂದು ಕೈ ಆಧಾರ್ ಕಾರ್ಡು ಮುಂದೆ ಹಿಡಿಯಿತು. ಕಾರ್ಡಿನಲ್ಲಿ ನನ್ನ ಮನೆಯದೇ ವಿಳಾಸ. ತಲೆ ಎತ್ತಿ ನೋಡಿದರೆ ಅವಳು. ಸೊರಗಿಹೋಗಿದ್ದಳು, ಕೆನ್ನೆ ಮೂಳೆ ಕಾಣ್ತಿತ್ತು. ಟಿಕೆಟ್ ಹರಿದು ಕೊಟ್ಟೆ, ತಗೊಂಡಳು. ಹಿಂದೆ ಇನ್ನೂ ಇಪ್ಪತ್ತು ಜನ ಇದ್ದರು, ಮುಂದಕ್ಕೆ ಹೋದೆ.

ಶಾಂತಿಗ್ರಾಮ ದಾಟಿದ ಮೇಲೆ ಸೀಟು ಖಾಲಿಯಾಯಿತು. ಹೋಗಿ ಅವಳ ಪಕ್ಕ ಕೂತೆ. ಹುಡುಗಿ ಹೇಗಿದ್ದಾಳೆ ಅಂತ ಕೇಳಿದೆ, ಚೆನ್ನಾಗಿದ್ದಾಳೆ ಅಂದಳು. ಅಮ್ಮ ಫೋನ್ ಮಾಡಿದ್ದಳಾ ಅಂದೆ. ಯುಗಾದಿಗೆ ಮಾಡಿದ್ದಳಂತೆ, ಊಟ ಆಯ್ತಾ ಅಂತ ಕೇಳಿ ಇಟ್ಟಳಂತೆ. ಯಾವಾಗಲೂ ಅಷ್ಟೇ, ಆ ವಿಷಯಕ್ಕೆ ಬಾಯೇ ಹಾಕಲ್ಲ, ನಾನು ಶುರು ಮಾಡಿದರೆ ನಿಮ್ಮ ದೊಡ್ಡಮ್ಮ ಎಲ್ಲ ಹೇಳವ್ಳೆ ಬಿಡು ಅಂತಾಳೆ ಅಂದಳು. ನಾನು ತಪ್ಪಾಯ್ತು ಅಂದೆ. ಒಂದೂವರೆ ವರ್ಷದಲ್ಲಿ ಎಷ್ಟೋ ಸಲ ಕನ್ನಡಿ ಮುಂದೆ ಅಂದುಕೊಂಡಿದ್ದ ಮಾತು, ಬಾಯಲ್ಲಿ ಬಂದಾಗ ಟಿಕೆಟ್ ಟಿಕೆಟ್ ಅಂದಷ್ಟು ಬರಿದಾಗಿ ಬಂತು. ನನ್ನ ಮೇಲೆ ಕೋಪ ಇದೆಯಾ ಮಗ ಅಂತಲೂ ಕೇಳಿದೆ.

ಅವಳು ಟಿಕೆಟನ್ನು ಮಡಚಿ ಬೆರಳ ಸಂದಿಗೆ ಸಿಕ್ಕಿಸಿಕೊಂಡಳು.

"ಕೋಪ ಇಲ್ಲ ದೊಡ್ಡಮ್ಮ. ಆ ಮಾತ ಅಮ್ಮಂಗೆ ಒಂದೇ ಸಲ ಹೇಳಕ್ಕಾಗೋದು. ಹೆಂಗೆ ಹೇಳ್ಬೇಕು ಅಂತ ಎಷ್ಟು ದಿನದಿಂದ ಜೋಡಿಸಿಟ್ಕೊಂಡಿದ್ದೆ ಗೊತ್ತಾ. ಈಗ್ಲೂ ಒಂದಕ್ಷರ ಮರೆತಿಲ್ಲ. ಅದನ್ನ ಇನ್ಯಾರಿಗೆ ಹೇಳ್ಲಿ?"

ನನ್ನ ಹತ್ತಿರ ಹೇಳು ಮಗ, ನಾನು ಕೇಳ್ತೀನಿ ಅಂದೆ.

"ನಿಂಗೆ ಹೇಳಿದ್ದೆನಲ್ಲ," ಅಂದಳು.

ಬಸ್ಸು ಚನ್ನರಾಯಪಟ್ಟಣದೊಳಗೆ ತಿರುಗಿತು. ಅವಳು ಎದ್ದಳು, ದಾರಿ ಬಿಡಲಿ ಅಂತ ನಾನು ಕಾಲು ಪಕ್ಕಕ್ಕೆ ತೆಗೆದೆ, ಅವಳು ಇಳಿದು ಹೋದಳು.